ಆಗಸ್ಟ್‌ನಲ್ಲಿ ಲಂಡನ್ನಿಗೆ: ಮಕ್ಕಳ ಶಾಲೆ ಮತ್ತು ಮೊದಲ ವಾರದ ಮ್ಯೂಸಿಯಂ

ಗಿರಿನಗರ, ಬೆಂಗಳೂರು:
ಎಲ್ಲರಿಗೂ ನಮಸ್ಕಾರ. ನಮ್ಮ ಯಜಮಾನರಿಗೆ ಲಂಡನ್ನಿಗೆ ವರ್ಗ ಆಗಿದೆ. ಆಗಸ್ಟ್‌ನಲ್ಲಿ ಹೊರಡ್ತೀವಿ. ಮಗನಿಗೆ ಜೂನ್‌ನಲ್ಲಿ 10 ತುಂಬಿತು, ಮಗಳಿಗೆ ಅಕ್ಟೋಬರ್‌ಗೆ 5. ಮನೆ ಇನ್ನೂ ಗೊತ್ತಾಗಿಲ್ಲ. ಇಲ್ಲಿಂದಲೇ ಶಾಲೆಗೆ ಅರ್ಜಿ ಹಾಕಬಹುದಾ? ಇಬ್ಬರಿಗೂ ಒಂದೇ ಕಡೆ ಸೀಟ್ ಸಿಗುತ್ತಾ? ಅಲ್ಲಿಗೆ ಹೋದ ಮೊದಲ ವಾರವೇ ಬ್ರಿಟಿಷ್ ಮ್ಯೂಸಿಯಂ ತೋರಿಸೋಣ ಅಂತಿದೀವಿ. ಜೊತೆಗೆ ಅತ್ತೆ ಬರ್ತಾರೆ, ಅವರಿಗೆ ಮಂಡಿ ನೋವು. ಚಿಕ್ಕವಳು ಅರ್ಧ ಗಂಟೆ ಸುಮ್ಮನೆ ಇರ್ತಾಳಾ ಅನ್ನೋದೇ ಭಯ.

ಹ್ಯಾರೋ:
ಮೊದಲು ಮಿಕ್ಸಿ ಪ್ಯಾಕ್ ಮಾಡಿ ಮೇಡಂ, ಬಾಕಿ ಎಲ್ಲ ಆಮೇಲೆ. ಎರಡೂ ಕಡೆ 230 ವೋಲ್ಟ್, 50 ಹರ್ಟ್ಜ್, ಮೋಟರ್‌ಗೆ ಏನೂ ಆಗಲ್ಲ. ಅಡಾಪ್ಟರ್ ಮಾತ್ರ ನಂಬಬೇಡಿ, ಸಡಿಲ ಕೂತು ಕಿಡಿ ಹಾರುತ್ತೆ. ಇಲ್ಲಿ ಪ್ಲಗ್ ಒಳಗೇ ಫ್ಯೂಸ್ ಇರುತ್ತೆ. ಪ್ಲಗ್ ಬದಲಾಯಿಸುವಾಗ 3 ಆಂಪಿಯರ್ ಫ್ಯೂಸ್ ಹಾಕಿದರೆ 750 ವ್ಯಾಟ್ ಮಿಕ್ಸಿಗೆ ಸಾಲಲ್ಲ, ಕಾಯಿ ರುಬ್ಬೋಕೆ ಹೋದಾಗ ಹೋಗುತ್ತೆ. 5 ಹಾಕಿಸಿ.

ಕ್ರಾಯ್ಡನ್:
ಶಾಲೆ ವಿಷಯ ಹೇಳ್ತೀನಿ. ಸರ್ಕಾರಿ ಶಾಲೆಗೆ ಅರ್ಜಿ ಸಾಮಾನ್ಯವಾಗಿ ಹೋಗೋದು ನೀವಿರೋ ಏರಿಯಾದ ಕೌನ್ಸಿಲ್ (ಸ್ಥಳೀಯ ಆಡಳಿತ) ಮೂಲಕ. ಶಾಲೆ ಎಷ್ಟು ಹತ್ತಿರ ಅನ್ನೋದನ್ನ ಮನೆಯಿಂದ ಅಳೀತಾರೆ, ಹಾಗಾಗಿ ಗಿರಿನಗರದ ವಿಳಾಸ ಇಟ್ಟುಕೊಂಡು ಪ್ರಯೋಜನ ಇಲ್ಲ. ಬಾಡಿಗೆ ಕರಾರು ಕೈಗೆ ಬಂದ ದಿನವೇ ಹಾಕಿ. ಮಗಳು ಈ ಸೆಪ್ಟೆಂಬರ್‌ಗೆ ರಿಸೆಪ್ಷನ್, ಅಂದರೆ ಇಯರ್ 1ಕ್ಕಿಂತ ಹಿಂದಿನ ತರಗತಿ. ಅದರ ಮಾಮೂಲಿ ಗಡುವು ಜನವರಿ 15ಕ್ಕೇ ಮುಗಿದಿದೆ, ನಿಮ್ಮದು ತಡವಾದ ಅರ್ಜಿ. ರಿಸೆಪ್ಷನ್, ಇಯರ್ 1, ಇಯರ್ 2ರಲ್ಲಿ ಒಬ್ಬ ಟೀಚರ್‌ಗೆ 30 ಮಕ್ಕಳು ಅಂತ ಕಾನೂನೇ ಇದೆ. ಅಪರೂಪದ ವಿನಾಯಿತಿ ಬಿಟ್ಟರೆ 31ನೆಯದಕ್ಕೆ ಹೆಡ್‌ಮಾಸ್ಟರ್ ಕೈ ಕಾಲು ಹಿಡಿದರೂ ಆಗಲ್ಲ. ಅದಕ್ಕೇ ಅಣ್ಣನಿಗೆ ಸಿಕ್ಕ ಶಾಲೆಯಲ್ಲಿ ತಂಗಿಗೆ ಸಿಗದೇ ಹೋಗಬಹುದು. ವೇಟಿಂಗ್ ಲಿಸ್ಟ್‌ಗೆ ಹೆಸರು ಕೊಡಿ. ಆ ಪಟ್ಟಿ ಮೊದಲು ಬಂದವರಿಗೆ ಮೊದಲು ಅಂತ ಅಲ್ಲ, ಶಾಲೆಯ ಆದ್ಯತೆ ನಿಯಮದ ಮೇಲೆ ನಡೆಯುತ್ತೆ. ಅಣ್ಣ ಅಲ್ಲೇ ಓದ್ತಿದ್ದರೆ ಬಹಳಷ್ಟು ಶಾಲೆಗಳಲ್ಲಿ ತಂಗಿ ಮೇಲಕ್ಕೆ ಬರ್ತಾಳೆ.

ಗಡಿಬಿಡಿ ಇರೋದು ಮಗನದು. ಅವನು ಇಯರ್ 6, ಪ್ರೈಮರಿಯ ಕೊನೇ ವರ್ಷ. ಅಂದರೆ ಮುಂದಿನ ವರ್ಷದ ಹೈಸ್ಕೂಲಿಗೆ ಈ ಅಕ್ಟೋಬರ್ 31ರೊಳಗೆ ಇನ್ನೊಂದು ಅರ್ಜಿ, ಬೇರೆಯೇ ಅರ್ಜಿ. ಪ್ರೈಮರಿ ಸೀಟು ಸಿಕ್ಕಿತಲ್ಲ ಅಂತ ಕೂತರೆ ತಪ್ಪಿಹೋಗುತ್ತೆ. ಆಮೇಲೆ ಉಳಿದ ಸೀಟೇ ಗತಿ.

ಬಸವನಗುಡಿ, ವಾಪಸ್ ಬಂದವರು:
ಶಾಲೆ ಎಲ್ಲಿ ಬೇಕಾದರೂ ಸಿಗುತ್ತದೆ, ಕನ್ನಡ ಸಿಗುವುದಿಲ್ಲ. ಹೋದ ಆರೇ ತಿಂಗಳಿಗೆ ಮಗಳು ‘ಅಜ್ಜಿ’ ಅನ್ನುವುದಕ್ಕೂ ತಡವರಿಸುತ್ತಾಳೆ, ಬರೆದಿಟ್ಟುಕೊಳ್ಳಿ. ಮನೆ ಬಾಗಿಲೊಳಗೆ ಇಂಗ್ಲಿಷ್ ಬೇಡ. ದಿನಾ 20 ನಿಮಿಷ ಕಾಗುಣಿತ, ಭಾನುವಾರವೂ ರಜೆ ಇಲ್ಲ. ಅಲ್ಲಿಯ ಜಿಸಿಎಸ್‌ಇಯಲ್ಲಿ (ನಮ್ಮ ಎಸ್‌ಎಸ್‌ಎಲ್‌ಸಿಯಂಥ ಪರೀಕ್ಷೆ) ಗುಜರಾತಿ, ಪಂಜಾಬಿ, ಬಂಗಾಳಿ, ಉರ್ದು ಇವೆ, ಕನ್ನಡ ಇಲ್ಲ. ನಾಳೆ ವಾಪಸ್ ಬಂದರೆ ಇಲ್ಲಿ ಕನ್ನಡ ಕಲಿಕೆಗೆ 2015ರ ಕಾಯಿದೆಯೇ ಇದೆ, ಮೊದಲ ಅಥವಾ ಎರಡನೇ ಭಾಷೆಯಾಗಿ ಓದಬೇಕು. ಆಗ ಯಾರನ್ನು ಕೇಳುತ್ತೀರಿ? ಇನ್ನು ಆ ಮ್ಯೂಸಿಯಂ. ಕದ್ದ ಮಾಲು ನೋಡಲು ಸಂಸಾರ ಸಮೇತ ಹೋಗಬೇಕೆ?

ಹ್ಯಾರೋ:
ಸರಿಯಾಗಿ ಹೇಳಿದಿರಿ ಸಾರ್. ನಮ್ಮ ಎರಡೂ ಮಕ್ಕಳು ವಚನ ಹೇಳ್ತಾರೆ. ಮೇಡಂ, ಮೊದಲು ಥೇಮ್ಸ್ ದಂಡೆಯ ಬಸವಣ್ಣನವರ ಪ್ರತಿಮೆಗೆ ಕರ್ಕೊಂಡು ಹೋಗಿ. 2015ರ ನವೆಂಬರ್ 14ರಂದು ಅನಾವರಣ ಆಗಿದ್ದು, ಆಲ್ಬರ್ಟ್ ಎಂಬಾಂಕ್‌ಮೆಂಟಿನಲ್ಲಿದೆ.

ಲೀಡ್ಸ್:
ಕದ್ದದ್ದೋ ಕೊಂಡದ್ದೋ, ಮಕ್ಕಳು ಕಣ್ಣಾರೆ ನೋಡದೆ ಆ ಜಗಳ ಅವರಿಗೆ ಹೇಗೆ ಅರ್ಥ ಆಗಬೇಕು ಸಾರ್?

ಮೇಡಂ, ಪ್ರವೇಶ ಉಚಿತ, ಆದರೂ ಆನ್‌ಲೈನ್‌ನಲ್ಲಿ ಸಮಯದ ಟಿಕೆಟ್ ಮಾಡಿಕೊಂಡು ಹೋಗಿ. ಸಂಜೆ 5ಕ್ಕೆ ಮುಚ್ಚುತ್ತೆ, ಶುಕ್ರವಾರ ಮಾತ್ರ 8.30ರವರೆಗೆ. ಗಾಲಿ ಸೂಟ್‌ಕೇಸ್ ಒಳಗೆ ಬಿಡಲ್ಲ, ವಿಮಾನ ಇಳಿದು ನೇರ ಹೋಗೋ ಯೋಚನೆ ಬೇಡ. ಮೆಟ್ಟಿಲ ಪಕ್ಕ ಲಿಫ್ಟ್ ಇದೆ. ಅತ್ತೆಯವರಿಗೆ ಗಾಲಿಕುರ್ಚಿ ಬೇಕು ಅಂತ ಮೊದಲೇ ತಿಳಿಸಿಬಿಡಿ. ಟ್ಯೂಬ್‌ನಲ್ಲಿ (ಲಂಡನ್ ಮೆಟ್ರೋ) 11ರ ಒಳಗಿನ ಮಕ್ಕಳು ದೊಡ್ಡವರ ಜೊತೆ ಬಿಟ್ಟಿ, ಅಗಲದ ಗೇಟಿನಲ್ಲಿ ಕರ್ಕೊಂಡು ಹೋಗಿ.

ಇಡೀ ಮ್ಯೂಸಿಯಂ ಒಂದೇ ದಿನ ನೋಡೋದು ತಿರುಪತಿ ಕ್ಯೂ ಇದ್ದ ಹಾಗೆ, ಕಾಲು ಮಾತ್ರ ನೋಯುತ್ತೆ. ಒಂದೂವರೆ ಗಂಟೆ, ಎರಡೇ ಕೋಣೆ. ಮೊದಲು 33ಎ, ಆಂಧ್ರದ ಅಮರಾವತಿಯ ಬೌದ್ಧ ಸ್ತೂಪದ ಕಲ್ಲುಗಳು. ಅದರಲ್ಲೊಂದು ಚಪ್ಪಡಿಗೆ ಎರಡೂ ಮುಖದಲ್ಲಿ ಕೆತ್ತನೆ. ಹಳೇ ಮುಖದಲ್ಲಿ ಮರ, ಅದರ ಕೆಳಗೆ ಖಾಲಿ ಪೀಠ, ಸುತ್ತ ಕೈ ಮುಗಿದವರು. ಬುದ್ಧ ಎಲ್ಲಿ ಅಂತ ಮಗಳನ್ನೇ ಕೇಳಿ, ಹುಡುಕಲಿ. ಆ ಕಾಲದ ಶಿಲ್ಪಿಗಳು ಬುದ್ಧನ ಆಕಾರ ಕೆತ್ತದೆ ಖಾಲಿ ಜಾಗದಲ್ಲೇ ಅವನನ್ನ ಕೂರಿಸಿದ್ದರು. ಮುನ್ನೂರು ವರ್ಷದ ಮೇಲೆ ಅದೇ ಕಲ್ಲನ್ನ ತಿರುಗಿಸಿ ಹಿಂದೆ ಸ್ತೂಪ ಕೆತ್ತಿದ್ದಾರೆ. ಇದೇ ಬಗೆಯ ಸುಣ್ಣಕಲ್ಲಿನ ಕೆಲಸ ನಮ್ಮ ಕಲಬುರಗಿ ಜಿಲ್ಲೆ ಸನ್ನತಿ ಹತ್ತಿರದ ಕನಗನಹಳ್ಳಿಯಲ್ಲೂ ಇದೆ; ಅಲ್ಲಿ ಅಶೋಕನ ಶಿಲ್ಪದ ಮೇಲೆ ಅವನ ಹೆಸರೇ ಇದೆ. ಆಮೇಲೆ 24, ಈಸ್ಟರ್ ದ್ವೀಪದ ಕಲ್ಲುಮನುಷ್ಯ, 2.4 ಮೀಟರ್ ಎತ್ತರ. ಬೆನ್ನ ಹಿಂದೆಯೂ ಕೆತ್ತನೆ ಇದೆ, ಜನ ಮುಂದೆ ನಿಂತು ಫೋಟೋ ಹೊಡೆದು ಹೊರಟುಬಿಡ್ತಾರೆ. ಮುಗಿದ ಮೇಲೆ ರಸೆಲ್ ಸ್ಕ್ವೇರ್ ಪಾರ್ಕಿನಲ್ಲಿ ಚಿತ್ರಾನ್ನದ ಡಬ್ಬಿ ಬಿಚ್ಚಿ.

ಜಯನಗರ:
ಹೊರಡೋ ಮುಂಚೆ ಕಸ್ತೂರ್ಬಾ ರಸ್ತೆಯ ಸರ್ಕಾರಿ ಮ್ಯೂಸಿಯಂಗೆ ಒಂದು ಸಲ ಹೋಗಿಬನ್ನಿ, ತೆರೆದಿದೆಯಾ ವಿಚಾರಿಸಿಕೊಂಡು. ಆತಕೂರಿನ ವೀರಗಲ್ಲು ಅಲ್ಲಿದೆ, ಹತ್ತನೇ ಶತಮಾನದ್ದು. ಕಾಳಿ ಅನ್ನೋ ನಾಯಿ ಹಂದಿ ಮೇಲೆ ಬಿದ್ದು ಸತ್ತದ್ದಕ್ಕೆ ನಿಲ್ಲಿಸಿದ ಕಲ್ಲು. ಕಲ್ಲಲ್ಲಿ ನಾಯಿ ಹುಡುಕಿದ ಮಗು ಲಂಡನ್ನಿನಲ್ಲಿ ಬುದ್ಧನನ್ನೂ ಹುಡುಕುತ್ತೆ.

ರೆಡಿಂಗ್:
ಲಸಿಕೆ ಕಾರ್ಡ್ ಕ್ಯಾಬಿನ್ ಬ್ಯಾಗಿನಲ್ಲಿ ಇಡಿ. 9ನೇ ತಿಂಗಳಲ್ಲಿ ಹಾಕಿಸಿದ ದಡಾರ ಲಸಿಕೆಯನ್ನ ಇಲ್ಲಿ ಲೆಕ್ಕಕ್ಕೆ ತಗೊಳ್ಳಲ್ಲ, ಒಂದು ವರ್ಷ ತುಂಬಿದ ಮೇಲಿನದು ಮಾತ್ರ. ಇನ್ನೊಂದು ಡೋಸ್ ಅಂದರೆ ಗಾಬರಿ ಬೇಡ.

ಬಸವನಗುಡಿ, ವಾಪಸ್ ಬಂದವರು:
ಅಂದರೆ ನಾಯಿ, ಹಂದಿ, ಫ್ಯೂಸು ಎಲ್ಲಕ್ಕೂ ಸಮಯ ಇದೆ, ಕಾಗುಣಿತಕ್ಕೆ ಇಲ್ಲ.

ಲೀಡ್ಸ್:
ಆ ವೀರಗಲ್ಲಿನ ಮೇಲಿರೋದು ಕನ್ನಡವೇ ಸಾರ್.

ಬಸವನಗುಡಿ, ವಾಪಸ್ ಬಂದವರು:
ಹಳಗನ್ನಡ. ನಿಮಗೆ ಓದಲು ಬರುತ್ತದೆಯೇ?

ಗಿರಿನಗರ, ಬೆಂಗಳೂರು:
ಎಲ್ಲರಿಗೂ ಧನ್ಯವಾದ. ಮಿಕ್ಸಿಗೆ 5 ಆಂಪಿಯರ್, ಕೋಣೆ 33ಎ ಮತ್ತು 24, ಬರ್ಕೊಂಡೆ. ಮಗನದು ಏನೋ ದಿನಾಂಕ ಹೇಳಿದ್ದರಲ್ಲ ಯಾರೋ, ಎಷ್ಟು ಹುಡುಕಿದರೂ ಸಿಗ್ತಿಲ್ಲ.

ಕ್ರಾಯ್ಡನ್:
ಅಕ್ಟೋಬರ್ 31.

ಹ್ಯಾರೋ:
ಕುಕ್ಕರ್ ಗ್ಯಾಸ್ಕೆಟ್ ಎರಡು ಹೆಚ್ಚಿಗೆ ತನ್ನಿ ಮೇಡಂ.