ಸಹಾಯ ಬೇಕು: ಆರೈಕೆ ಕೇಂದ್ರದಲ್ಲಿ ಭೇಟಿ ಮುಗಿಸಿ ಹೊರಡುವ ಹೊತ್ತು

ಎಲ್ಲರಿಗೂ ನಮಸ್ಕಾರ. ಡಿಮೆನ್ಷಿಯಾ (ನೆನಪು, ಯೋಚನಾಶಕ್ತಿ ಕುಂದುತ್ತಾ ಹೋಗುವ ಕಾಯಿಲೆ) ಇರುವವರನ್ನು ಆರೈಕೆ ಕೇಂದ್ರಕ್ಕೆ ಸೇರಿಸಿದ ಮನೆಯವರಿಗಾಗಿ ಒಂದು ಪುಟದ ಟಿಪ್ಪಣಿ ಸಿದ್ಧಪಡಿಸುತ್ತಿದ್ದೇವೆ. ಹೊರಡುವ ಹೊತ್ತಿನ ಭಾಗ ಇನ್ನೂ ಸರಿಬಂದಿಲ್ಲ.

ಈವರೆಗೆ ಬರೆದಿರುವುದು ಇಷ್ಟು. ಮೊದಮೊದಲು ಅರ್ಧ ಗಂಟೆಯ ಭೇಟಿ ಸಾಕು, ಬೆಳಗಿನ ಹೊತ್ತಾದರೆ ಒಳ್ಳೆಯದು; ಸಂಜೆಯಾದಂತೆ ಹಲವರಲ್ಲಿ ಗೊಂದಲ, ಚಡಪಡಿಕೆ ಹೆಚ್ಚುತ್ತದೆ. ಊಟಕ್ಕೆ ತುಸು ಮುಂಚೆ ಹೊರಟರೆ ಸಿಬ್ಬಂದಿ ಅವರನ್ನು ಊಟಕ್ಕೆ ಕರೆದೊಯ್ಯುತ್ತಾರೆ, ಗಮನ ಅತ್ತ ತಿರುಗುತ್ತದೆ. ಬ್ಯಾಗು, ಕೊಡೆ ಕಣ್ಣಿಗೆ ಬೀಳದಂತಿರಲಿ. ಕಂಡರೆ 'ನಾನೂ ಬರ್ತೀನಿ' ಶುರು! 'ಮನೆಗೆ ಹೋಗೋಣ' ಎಂದವರಿಗೆ 'ಇದೇ ನಿಮ್ಮ ಮನೆ' ಎಂದು ವಾದಿಸಿದರೆ ಹಟ ಬೆಳೆಯುತ್ತದೆ. ಆ ಮಾತಿನ ಹಿಂದೆ ನೋವು, ಭಯ, ಬೇಸರ, ಶೌಚಕ್ಕೆ ಹೋಗಬೇಕಾದ ಅವಸರ ಯಾವುದೂ ಇರಬಹುದು. ಮೊದಲು ಅದನ್ನು ನೋಡಬೇಕು. ಒಂದೆರಡು ದಿನದಲ್ಲೇ ಗೊಂದಲ ದಿಢೀರನೆ ಏರಿದರೆ 'ಹೊಸ ಜಾಗ, ಹೊಂದಿಕೊಳ್ತಾರೆ' ಎಂದು ಕಾಯುವುದು ತಪ್ಪು. ಮೂತ್ರದ ಸೋಂಕು, ಮಲಬದ್ಧತೆ, ಬದಲಾದ ಮಾತ್ರೆ ಕಾರಣವಿರಬಹುದು, ವೈದ್ಯರಿಗೆ ತೋರಿಸಬೇಕು.

ಇನ್ನು ಬೇಕಿರುವುದು: 'ಮೊದಲ ಕೆಲವು ದಿನ ಬರಬೇಡಿ' ಎನ್ನುವ ಕೇಂದ್ರಗಳಿವೆ. ಎಲ್ಲರಿಗೂ ಒಂದೇ ನಿಯಮ ಎಂಬುದು ನಮಗೆ ಒಪ್ಪಿಗೆಯಿಲ್ಲ. ಯಾರಿಗೆ ಅದು ಒಳ್ಳೆಯದಾಯಿತು, ಯಾರಿಗೆ ತಿರುಗುಬಾಣವಾಯಿತು? ಹೇಳದೆ ಜಾರಿಕೊಳ್ಳುವುದಕ್ಕಿಂತ ಚುಟುಕಾಗಿ ಹೇಳಿ ಹೊರಡಲು ಯಾವ ಮಾತು ಕೆಲಸಕ್ಕೆ ಬಂತು? ಮತ್ತೆ, ವರ್ಷಗಟ್ಟಲೆ ರಾತ್ರಿ ಎದ್ದು ನೋಡಿಕೊಂಡವರಿಗೆ ಈಗಲೂ ಅದೇ ಹೊತ್ತಿಗೆ ಎಚ್ಚರವಾಗುತ್ತದಲ್ಲ, ಆ ನಿದ್ದೆ ಸರಿಹೋಗಲು ಏನು ಮಾಡಿದಿರಿ? ರೋಗಿಯ ಹೆಸರು, ಕೇಂದ್ರದ ಹೆಸರು ಬೇಡ.