ಅಡ್ರಿನಲ್ ಗ್ರಂಥಿಯ ಗಡ್ಡೆ ಮತ್ತು ಸ್ಕ್ಯಾನ್: ಹಾರ್ಮೋನ್ ತಜ್ಞೆಯೊಂದಿಗೆ ಪ್ರಶ್ನೋತ್ತರ

ಸದಸ್ಯೆ, ಜಯನಗರ: ನಮಸ್ಕಾರ ಡಾಕ್ಟರೇ. ಮೂತ್ರಪಿಂಡದ ಕಲ್ಲಿಗಾಗಿ ಸಿ.ಟಿ. ಮಾಡಿಸಿದಾಗ ತಾಯಿಯವರ ಬಲ ಅಡ್ರಿನಲ್ ಗ್ರಂಥಿಯಲ್ಲಿ (ಮೂತ್ರಪಿಂಡದ ಮೇಲಿರುವ ಹಾರ್ಮೋನ್ ಗ್ರಂಥಿ) 1.8 ಸೆಂ.ಮೀ. ಗಡ್ಡೆ ಕಂಡಿದೆ, ವರದಿಯಲ್ಲಿ 4 ಎಚ್.ಯು. (ಸಿ.ಟಿ.ಯಲ್ಲಿ ಸಾಂದ್ರತೆಯ ಅಳತೆ) ಎಂದಿದೆ. ಕ್ಯಾನ್ಸರ್ ಇರಬಹುದೇ?

ವೈದ್ಯೆ: ನಮಸ್ಕಾರ. ಕಾಂಟ್ರಾಸ್ಟ್ (ಚಿತ್ರ ಎದ್ದು ಕಾಣಿಸುವ ಚುಚ್ಚುಮದ್ದು) ಕೊಡದೆ ತೆಗೆದ ಸಿ.ಟಿ.ಯಲ್ಲಿ ಗಡ್ಡೆ ಏಕರೂಪವಾಗಿದ್ದು 10 ಎಚ್.ಯು. ಮೀರದಿದ್ದರೆ ಅದು ಕೊಬ್ಬಿನಂಶವುಳ್ಳ, ಕ್ಯಾನ್ಸರ್ ಅಲ್ಲದ ಸಾಧು ಗಡ್ಡೆ. ಮತ್ತೆ ಸ್ಕ್ಯಾನ್ ಬೇಡ. ಗಡ್ಡೆ ಹಾರ್ಮೋನು ಹೆಚ್ಚು ಸುರಿಸುತ್ತಿದೆಯೇ ಎಂದು ತಿಳಿಯಲು, ರಾತ್ರಿ 1 ಮಿ.ಗ್ರಾಂ. ಡೆಕ್ಸಾಮೆಥಾಸೋನ್ (ಸ್ಟೀರಾಯ್ಡ್ ಮಾತ್ರೆ) ಕೊಟ್ಟು ಬೆಳಿಗ್ಗೆ ಈ ಗ್ರಂಥಿಯ ಹಾರ್ಮೋನಾದ ಕಾರ್ಟಿಸಾಲ್ ಅಳೆಯುವ ಪರೀಕ್ಷೆಯನ್ನು ನಿಮ್ಮ ವೈದ್ಯರಿಂದ ಮಾಡಿಸಿ.

ಸದಸ್ಯ, ಯಲಹಂಕ: ತಮ್ಮನಿಗೆ 38 ವರ್ಷ. ಇದ್ದಕ್ಕಿದ್ದಂತೆ ತಲೆ ಸಿಡಿಯುತ್ತದೆ, ಅಂಗಿ ತೊಯ್ಯುವಷ್ಟು ಬೆವರುತ್ತಾನೆ, ಎದೆ ಹೊಡೆದುಕೊಳ್ಳುತ್ತದೆ. ಆಗ ರಕ್ತದೊತ್ತಡ 210/120 ಮುಟ್ಟಿದ್ದೂ ಉಂಟು. ಎಡ ಅಡ್ರಿನಲ್‌ನಲ್ಲಿ 3.6 ಸೆಂ.ಮೀ., 34 ಎಚ್.ಯು. ಗಡ್ಡೆಯಿದೆ. ಬುಧವಾರ ಬಯಾಪ್ಸಿಯಂತೆ (ಸೂಜಿಯಿಂದ ಗಡ್ಡೆಯ ತುಣುಕು ತೆಗೆದು ಪರೀಕ್ಷಿಸುವುದು).

ವೈದ್ಯೆ: ಆ ಬಯಾಪ್ಸಿಯನ್ನು ಇಂದೇ ನಿಲ್ಲಿಸಿ. ತಲೆನೋವು, ಬೆವರು, ಎದೆಬಡಿತ ಮೂರೂ ಒಟ್ಟಿಗೇ ಬಂದು ಹೋಗುತ್ತಿರುವಾಗ, ಅಡ್ರಿನಾಲಿನ್ ವರ್ಗದ ಹಾರ್ಮೋನುಗಳನ್ನು ಸುರಿಸುವ ಫಿಯೋಕ್ರೋಮೋಸೈಟೋಮಾ ಅಲ್ಲವೆಂದು ಖಚಿತವಾಗುವವರೆಗೆ ಗಡ್ಡೆಗೆ ಸೂಜಿ ತಾಗಿಸಕೂಡದು. ತಾಗಿಸಿದರೆ ಹಾರ್ಮೋನು ಒಮ್ಮೆಲೇ ರಕ್ತಕ್ಕೆ ನುಗ್ಗಿ, ಪ್ರಾಣಕ್ಕೆ ಸಂಚಕಾರ ತರುವಷ್ಟು ರಕ್ತದೊತ್ತಡ ಏರಬಹುದು. ಮೊದಲು ರಕ್ತದಲ್ಲಿ ಅಥವಾ 24 ಗಂಟೆಯ ಮೂತ್ರದಲ್ಲಿ ಮೆಟಾನೆಫ್ರಿನ್ (ಆ ಹಾರ್ಮೋನುಗಳು ಒಡೆದು ಉಂಟಾಗುವ ವಸ್ತು) ನೋಡಬೇಕು. ಅದು ಹೆಚ್ಚಿದ್ದು, ಬೇರೆಡೆಯೂ ಗಡ್ಡೆಯಿರುವ ಶಂಕೆಯಿದ್ದರೆ ಇಂಥ ಗಡ್ಡೆಯನ್ನು ಇಡೀ ದೇಹದಲ್ಲಿ ಹುಡುಕುವ ಗ್ಯಾಲಿಯಂ-68 ಡೋಟಾಟೇಟ್ ಪೆಟ್ ಅಥವಾ ಎಂ.ಐ.ಬಿ.ಜಿ. ಸ್ಕ್ಯಾನ್ ಮಾಡುತ್ತಾರೆ. ಎದೆಬಡಿತಕ್ಕೆ ಬೀಟಾ ಬ್ಲಾಕರ್ (ಹೃದಯದ ಬಡಿತ ತಗ್ಗಿಸುವ ಮಾತ್ರೆ) ಕೊಟ್ಟಿದ್ದಾರೆಯೇ? ಮೊದಲು ಆಲ್ಫಾ ಬ್ಲಾಕರ್ (ರಕ್ತನಾಳ ಸಡಿಲಿಸುವ ಮಾತ್ರೆ) ಕೊಡದೆ ಅದನ್ನು ಆರಂಭಿಸುವುದು ಅಪಾಯ. ಮಾತ್ರೆಯ ಹೆಸರು ಬರೆಯಿರಿ.

ಸದಸ್ಯ, ರಾಜಾಜಿನಗರ: ಅಲ್ಟ್ರಾಸೌಂಡ್ ಸಾಲದೇ?

ವೈದ್ಯೆ: ಸಾಲದು. ಸಣ್ಣ ಗಡ್ಡೆ ಕಣ್ತಪ್ಪುತ್ತದೆ.

ಸದಸ್ಯೆ, ಮಲ್ಲೇಶ್ವರ: ಬಂದ ಸಂದೇಶವನ್ನು ಹಂಚುತ್ತಿದ್ದೇನೆ: “ಬೂದುಗುಂಬಳದ ರಸವನ್ನು ಬರಿಹೊಟ್ಟೆಯಲ್ಲಿ 40 ದಿನ ಕುಡಿದರೆ ಯಾವ ಗ್ರಂಥಿಯ ಗಡ್ಡೆಯೂ ಕರಗುತ್ತದೆ.”

ವೈದ್ಯೆ: ಕರಗುವುದಿಲ್ಲ. ಯಲಹಂಕದವರು ಇದನ್ನು ನಂಬಿ 40 ದಿನ ಕೂತರೆ ಹೊಣೆ ಯಾರದು? ದಯವಿಟ್ಟು ಅಳಿಸಿ.

ಸದಸ್ಯ, ಬಸವನಗುಡಿ: ನಮ್ಮ ಅಜ್ಜಿ ಅದನ್ನೇ ಕುಡಿದು 90 ವರ್ಷ ಬಾಳಿದರು. ಸ್ಕ್ಯಾನ್ ಕೇಂದ್ರಗಳಿಗೆ ವ್ಯಾಪಾರವಾಗಬೇಕಲ್ಲ.

ಸದಸ್ಯೆ, ಜಯನಗರ: ನಮ್ಮ ತಾಯಿಗೆ ಮತ್ತೆ ಸ್ಕ್ಯಾನ್ ಬೇಡವೆಂದು ಇದೇ ಡಾಕ್ಟರ್ ಈಗತಾನೆ ಬರೆದದ್ದನ್ನು ತಾವು ಓದಿದ್ದೀರಾ?

ಸದಸ್ಯ, ಬಸವನಗುಡಿ: ನಿಮ್ಮನ್ನು ಯಾರೂ ಕೇಳಲಿಲ್ಲ. ಎಂ.ಆರ್.ಐ.ಯಲ್ಲಿ ವಿಕಿರಣವೇ ಇಲ್ಲ. ಎಲ್ಲರಿಗೂ ಅದನ್ನೇ ಏಕೆ ಹೇಳುವುದಿಲ್ಲ?

ಸದಸ್ಯೆ, ವಿಜಯನಗರ: ನಮ್ಮ ಯಜಮಾನರಿಗೆ 56. ಪೊಟ್ಯಾಸಿಯಂ ಕಡಿಮೆ, ಆಲ್ಡೋಸ್ಟೆರಾನ್ (ಅಡ್ರಿನಲ್‌ನ ಹಾರ್ಮೋನು) ಹೆಚ್ಚು, ಸಿ.ಟಿ.ಯಲ್ಲಿ ಎಡಗಡೆ ಗಂಟಿದೆ. ತೆಗೆಸಿಬಿಡಬಹುದೇ?

ವೈದ್ಯೆ: ಗಂಟು ಕಂಡ ಕಡೆಯಿಂದಲೇ ಹಾರ್ಮೋನು ಬರುತ್ತಿದೆ ಎನ್ನುವಂತಿಲ್ಲ. ಎರಡೂ ಕಡೆಯ ಅಡ್ರಿನಲ್ ಅಭಿಧಮನಿಗಳಿಂದ ರಕ್ತ ತೆಗೆದು ಹೋಲಿಸಬೇಕು. ಬಲಗಡೆಯದು ಗಿಡ್ಡ, ಸಿಗುವುದು ಕಷ್ಟ. ಪಳಗಿದ ಕೈಯಿರುವಲ್ಲಿ ಮಾಡಿಸಿ.

ಸದಸ್ಯ, ರಾಜಾಜಿನಗರ: ಡಾಪ್ಲರ್ ಅಲ್ಟ್ರಾಸೌಂಡ್ ಆದರೆ?

ವೈದ್ಯೆ: ಮೇಲೆ ಓದಿ.

ಸದಸ್ಯ, ಯಲಹಂಕ: ಡಾಕ್ಟರೇ, ಮಾತ್ರೆ ಪ್ರೊಪ್ರನೊಲಾಲ್. ನಿನ್ನೆಯಿಂದ ನುಂಗುತ್ತಿದ್ದಾನೆ. ಬೇರೆ ಯಾವ ಮಾತ್ರೆಯೂ ಇಲ್ಲ.

ವೈದ್ಯೆ: ಅದು ಬೀಟಾ ಬ್ಲಾಕರೇ. ಮುಂದಿನ ಮಾತ್ರೆ ಕೊಡಬೇಡಿ. ಸಿ.ಟಿ. ಫಿಲ್ಮು, ಮಾತ್ರೆಯ ಚೀಟಿ ಎರಡನ್ನೂ ಹಿಡಿದು ಈಗಲೇ ದೊಡ್ಡ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೊರಡಿ. ಅಲ್ಲಿನ ವೈದ್ಯರು ನನಗೆ ಕರೆ ಮಾಡಲಿ. ಉಳಿದವರಿಗೆ ಇಂದು ಉತ್ತರಿಸಲಾರೆ.