ವಿಎಸ್ ಕೋಡ್‌ನಲ್ಲಿ ಜಾವಾ ರನ್‌ಟೈಮ್ ಸಿಗುತ್ತಿಲ್ಲ, ಇನ್‌ಸ್ಟಾಲ್ ಆಗಿದೆ!

ಬಿಸಿಲು07: ಮೂರು ಗಂಟೆಯಿಂದ ಒದ್ದಾಡುತ್ತಿದ್ದೇನೆ. ಜಾವಾ 17 ಹಾಕಿದ್ದೇನೆ, ಹಾಕುವಾಗ ಏನೂ ತೊಂದರೆ ಬರಲಿಲ್ಲ. ವಿಎಸ್ ಕೋಡ್‌ನಲ್ಲಿ (ಕೋಡ್ ಬರೆಯುವ ಎಡಿಟರ್) ರನ್ ಒತ್ತಿದರೆ ಟರ್ಮಿನಲ್‌ನಲ್ಲಿ ‘ಅನೇಬಲ್ ಟು ಲೊಕೇಟ್ ಎ ಜಾವಾ ರನ್‌ಟೈಮ್’ ಅಂತ ಬರುತ್ತೆ, ಅಂದರೆ ಪ್ರೋಗ್ರಾಂ ಓಡಿಸುವ ಜಾವಾ ಸಿಗುತ್ತಿಲ್ಲ ಅಂತ. ಎರಡು ಸಲ ತೆಗೆದು ಮತ್ತೆ ಹಾಕಿದೆ, ಅದೇ ಕಥೆ. ನಾಳೆ ಬೆಳಿಗ್ಗೆ ಲ್ಯಾಬ್ ಇಂಟರ್ನಲ್ಸ್ ಇದೆ. ಯಾರಾದರೂ ಹೇಳಿ ಪ್ಲೀಸ್.

ತುಂಗಾತೀರ: ಜಾವಾ_ಹೋಮ್ (ಜಾವಾ ಯಾವ ಫೋಲ್ಡರ್‌ನಲ್ಲಿದೆ ಅಂತ ಹೇಳುವ ಸೆಟ್ಟಿಂಗ್) ತಪ್ಪಿರುತ್ತೆ. ಎನ್ವಿರಾನ್ಮೆಂಟ್ ವೇರಿಯಬಲ್ಸ್‌ಗೆ ಹೋಗಿ ಜೆಡಿಕೆ (ಪ್ರೋಗ್ರಾಂ ಬರೆಯಲು ಬೇಕಾದ ಪೂರ್ತಿ ಜಾವಾ ಕಿಟ್) ಫೋಲ್ಡರ್ ಕೊಡಿ. ಕೊನೆಗೆ ಅದರೊಳಗಿನ ಬಿನ್ ಫೋಲ್ಡರ್ ಹೆಸರು ಸೇರಿಸಬೇಡಿ, ಅದು ಪಾತ್ ಅನ್ನುವ ಇನ್ನೊಂದು ವೇರಿಯಬಲ್‌ಗೆ ಹೋಗಬೇಕು.

ಕೋಡುಬಳೆ: ಜೆಡಿಕೆ ಹಾಕಿದ್ದೀರಾ, ಬರೀ ಪ್ರೋಗ್ರಾಂ ಓಡಿಸೋಕೆ ಮಾತ್ರ ಆಗುವ ಜೆಆರ್‌ಇನಾ?

ತುಂಗಾತೀರ: ಜಾವಾ 11ರಿಂದ ಒರಾಕಲ್ ಕಂಪನಿ ಜೆಆರ್‌ಇ ಬೇರೆಯಾಗಿ ಕೊಡುವುದೇ ಇಲ್ಲ. 17 ಅಂದಮೇಲೆ ಜೆಡಿಕೆನೇ.

ಕೋಡುಬಳೆ: ಒರಾಕಲ್ ಕೊಡದಿದ್ದರೇನು? ಟೆಮುರಿನ್ ಅಂತ ಇನ್ನೊಂದು ಉಚಿತ ಜಾವಾ ಇದೆ, ಅದರಲ್ಲಿ 17ರ ಜೆಆರ್‌ಇ ಸಿಗುತ್ತೆ. ನಾನೇ ಸರ್ವರ್‌ಗೆ ಹಾಕಿದ್ದೇನೆ.

ತುಂಗಾತೀರ: ಆಯ್ತು, ಅದು ಸರ್ವರ್ ಮಾತು. ಇಲ್ಲಿ ಮೊದಲು ಜಾವಾ_ಹೋಮ್ ನೋಡಲಿ.

ಬಿಸಿಲು07: ಎನ್ವಿರಾನ್ಮೆಂಟ್ ವೇರಿಯಬಲ್ಸ್ ಅಂತ ಎಲ್ಲೂ ಕಾಣುತ್ತಿಲ್ಲ. ಮ್ಯಾಕ್‌ಬುಕ್ ಇದು. ಜಾವಾ ಎಲ್ಲಿದೆ ಅಂತ ನೋಡೋಕೆ ‘ವಿಚ್ ಜಾವಾ’ ಕಮಾಂಡ್ ಕೊಟ್ಟರೆ ಯುಎಸ್‌ಆರ್ ಬಿನ್ ಒಳಗೆ ಇದೆ ಅಂತ ತೋರಿಸುತ್ತೆ. ಇದ್ದೂ ಸಿಗಲ್ಲ ಅಂದರೆ ಹೇಗೆ?

ತುಂಗಾತೀರ: ಮ್ಯಾಕಾ! ಅದನ್ನು ಮೊದಲೇ ಹೇಳಬೇಕಿತ್ತು, ನಾನು ವಿಂಡೋಸ್ ಅಂದುಕೊಂಡೆ. ಹಾಗಿದ್ದರೆ ಟರ್ಮಿನಲ್ ಶುರುವಾಗುವಾಗ ಓದುವ ಝಡ್‌ಎಸ್‌ಎಚ್‌ಆರ್‌ಸಿ ಫೈಲ್‌ನಲ್ಲಿ ಜಾವಾ_ಹೋಮ್ ಹಾಕಿ.

ಪಡುವಣ: ಯುಎಸ್‌ಆರ್ ಬಿನ್‌ನಲ್ಲಿರುವುದು ನಿಜವಾದ ಜಾವಾ ಅಲ್ಲ. ಜಾವಾ ಹಾಕದ ಮ್ಯಾಕ್‌ನಲ್ಲೂ ಅದು ಇರುತ್ತೆ. ಅದರ ಕೆಲಸ ಲೈಬ್ರರಿ ಒಳಗಿನ ಜಾವಾವರ್ಚುಯಲ್‌ಮಷೀನ್ಸ್ ಫೋಲ್ಡರ್‌ನಲ್ಲಿ ಜೆಡಿಕೆ ಹುಡುಕುವುದು, ಅಷ್ಟೇ. ನೀವು ಹಾಕಿದ್ದು ಟರ್ಮಿನಲ್‌ನಿಂದ ಸಾಫ್ಟ್‌ವೇರ್ ಹಾಕುವ ಹೋಮ್‌ಬ್ರೂನಿಂದಾನಾ?

ಬಿಸಿಲು07: ಹೌದು. ಎಲ್ಲರೂ ಹಾಗೇ ಹಾಕುವುದು ಅಲ್ವಾ?

ಪಡುವಣ: ತೊಂದರೆ ಅಲ್ಲೇ ಇದೆ. ಬ್ರೂ ಹಾಕಿದ ಓಪನ್‌ಜೆಡಿಕೆ ಅದರದ್ದೇ ಫೋಲ್ಡರ್‌ನಲ್ಲಿ ಉಳಿದಿರುತ್ತೆ, ಜಾವಾವರ್ಚುಯಲ್‌ಮಷೀನ್ಸ್ ಫೋಲ್ಡರ್‌ಗೆ ತಾನಾಗಿ ಲಿಂಕ್ ಆಗಲ್ಲ. ‘ಬ್ರೂ ಇನ್ಫೋ ಓಪನ್‌ಜೆಡಿಕೆ@17’ ಕೊಡಿ. ಕೇವಿಯಟ್ಸ್ (ಗಮನಿಸಬೇಕಾದ ಸೂಚನೆ) ಅನ್ನುವ ಕಡೆ ‘ಸುಡೊ ಎಲ್‌ಎನ್’ ಅಂತ ಶುರುವಾಗುವ, ಆ ಲಿಂಕ್ ಮಾಡುವ ಒಂದು ಸಾಲು ಇದೆ. ಅದನ್ನೇ ಕಾಪಿ ಮಾಡಿ ಓಡಿಸಿ. ಬೇರೆಯವರ ಬ್ಲಾಗ್‌ನಿಂದ ತೆಗೆದುಕೊಳ್ಳಬೇಡಿ, ಇಂಟೆಲ್ ಮ್ಯಾಕ್‌ಗೂ ಎಂ ಚಿಪ್ ಮ್ಯಾಕ್‌ಗೂ ಪಾತ್ ಬೇರೆ ಬೇರೆ. ಆಮೇಲೆ ಕಮಾಂಡ್ ಕ್ಯೂ ಒತ್ತಿ ವಿಎಸ್ ಕೋಡ್ ಪೂರ್ತಿ ಮುಚ್ಚಿ. ಸುಮ್ನೆ ವಿಂಡೋ ಮುಚ್ಚಿದರೆ ಸಾಲದು.

ಕೋಡುಬಳೆ: ಬ್ರೂನಲ್ಲೇ ಟೆಮುರಿನ್ ಕ್ಯಾಸ್ಕ್ (ರೆಡಿ ಇನ್‌ಸ್ಟಾಲರ್ ಪ್ಯಾಕೇಜ್) ಹಾಕಿದ್ದರೆ ನೇರ ಆ ಫೋಲ್ಡರ್‌ಗೇ ಬಂದು ಕೂರುತ್ತೆ, ಲಿಂಕ್ ಬೇಕಿಲ್ಲ. ನನ್ನ ಮ್ಯಾಕ್ ಮಿನಿಯಲ್ಲಿ 8, 11, 17, 21 ನಾಲ್ಕೂ ಇವೆ.

ಬಿಸಿಲು07: ಬಂತು!! ‘ಜಾವಾ ವರ್ಷನ್’ ಕೇಳಿದರೆ 17 ಅನ್ನುತ್ತೆ. ಸ್ಟ್ಯಾಕ್ ಪ್ರೋಗ್ರಾಂ ಓಡಿತು. ಪಡುವಣ ಸರ್, ತುಂಬಾ ಥ್ಯಾಂಕ್ಸ್. ಓದೋಕೆ ಹೊರಟೆ.

ತುಂಗಾತೀರ: ಜಾವಾ_ಹೋಮ್ ಹಾಕಿದ್ದರೂ ಆಗುತ್ತಿತ್ತು.

ಕೋಡುಬಳೆ: ಆಗುತ್ತಿತ್ತು, ಆದರೆ ಟೆಮುರಿನ್ ಇದ್ದಿದ್ದರೆ ಅದೂ ಬೇಕಿರಲಿಲ್ಲ.